‘ವಿಂಟರ್ ಸೊನಾಟಾ’ವನ್ನು ಇವತ್ತು ಕೂತು ನೋಡಬೇಕಾ? ಪರ ಮತ್ತು ವಿರೋಧ

ಕೊರಿಯನ್ ಧಾರಾವಾಹಿ ಈಗ ನಮ್ಮಲ್ಲಿ ಯಾರಿಗೂ ಹೊಸದಲ್ಲ. ಕಾಲೇಜು ಹುಡುಗಿಯರು ನೋಡುತ್ತಾರೆ, ಅವರ ಅಮ್ಮಂದಿರೂ ನೋಡುತ್ತಾರೆ. ಹಾಗೆ ನೋಡುವವರ ನಡುವೆ ಆಗಾಗ ಏಳುವ ಪ್ರಶ್ನೆ ಒಂದಿದೆ. ಎಲ್ಲರೂ ಹೆಸರು ಹೇಳುವ ಆ ಹಳೆಯ ‘ವಿಂಟರ್ ಸೊನಾಟಾ’ವನ್ನು ಈಗ ಪೂರ್ತಿ ನೋಡಬೇಕಾ, ಅಥವಾ ಅದರ ಬಗ್ಗೆ ಕೇಳಿ ತಿಳಿದರೆ ಸಾಕಾ?

2002ರ ಜನವರಿ 14ರಂದು ದಕ್ಷಿಣ ಕೊರಿಯಾದ ಕೆಬಿಎಸ್ ವಾಹಿನಿಯಲ್ಲಿ ಶುರುವಾಗಿ ಮಾರ್ಚ್ 19ಕ್ಕೆ ಮುಗಿದ ಧಾರಾವಾಹಿ ಇದು. ಸೋಮವಾರ ಒಂದು, ಮಂಗಳವಾರ ಒಂದು ಅಂತ ಒಟ್ಟು 20 ಕಂತು. ಒಂದೊಂದು ಕಂತು ಸುಮಾರು ಒಂದು ಗಂಟೆ. ನಿರ್ದೇಶಕ ಯೂನ್ ಸೊಕ್‌ಹೊ. ನಾಯಕ ಬೇ ಯೊಂಗ್‌ಜುನ್, ನಾಯಕಿ ಚೊಯ್ ಜಿವೂ. ಕೆಳಗಿನ ಎರಡೂ ವಾದಗಳನ್ನು ಬರೆದದ್ದು ಒಂದೇ ಕೈ. ಆದರೆ ಒಂದು ಇನ್ನೊಂದಕ್ಕೆ ರಿಯಾಯಿತಿ ಕೊಟ್ಟಿಲ್ಲ. ಕಥೆಯ ಗುಟ್ಟುಗಳೆಲ್ಲ ಇಲ್ಲಿ ಹೊರಬೀಳುತ್ತವೆ. ಇನ್ನೂ ನೋಡದವರು ಯೋಚಿಸಿ ಮುಂದೆ ಓದಿ.

ಪರ: ಮುಖ ಅದೇ, ಮನುಷ್ಯ ಬೇರೆ

ಮೊದಲು ಕಥೆ. ರಾಜಧಾನಿ ಸೋಲ್‌ನ ಈಶಾನ್ಯಕ್ಕಿರುವ ಚುಂಚನ್ ಎಂಬ ಊರು, ಅಲ್ಲೊಂದು ಹೈಸ್ಕೂಲು. ಅಲ್ಲಿಗೆ ಜುನ್‌ಸಾಂಗ್ ಎಂಬ ಹೊಸ ಹುಡುಗ ಬರುತ್ತಾನೆ. ತಾಯಿ ಹೆಸರಾಂತ ಪಿಯಾನೊ ವಾದಕಿ. ತಂದೆ ಯಾರು ಅಂತ ಅವನಿಗೆ ಗೊತ್ತಿಲ್ಲ. ಅದನ್ನು ಹುಡುಕಿಕೊಂಡೇ ಬಂದಿದ್ದಾನೆ. ಯಾರ ಜೊತೆಗೂ ಬೆರೆಯದ ಹುಡುಗ. ಬೆಳಗಿನ ಬಸ್ಸಿನಲ್ಲಿ ಯುಜಿನ್ ಎಂಬ ಹುಡುಗಿ ಅವನ ಹೆಗಲಿಗೆ ಒರಗಿ ನಿದ್ದೆ ಹೋಗುತ್ತಾಳೆ. ಇಬ್ಬರೂ ಇಳಿಯುವ ಸ್ಟಾಪು ತಪ್ಪಿಸಿಕೊಳ್ಳುತ್ತಾರೆ. ಅಲ್ಲಿಂದ ಸ್ನೇಹ, ಮೊದಲ ಹಿಮ, ಮೊದಲ ಮುತ್ತು. ವರ್ಷದ ಕೊನೆಯ ರಾತ್ರಿ ಅವಳು ಬೀದಿಯಲ್ಲಿ ಕಾಯುತ್ತಾ ನಿಂತಿರುತ್ತಾಳೆ. ಅವನಿಗೆ ಕಾರು ಡಿಕ್ಕಿ ಹೊಡೆಯುತ್ತದೆ. ಮರುದಿನ ಅವನು ತೀರಿಕೊಂಡ ಸುದ್ದಿ ಸ್ಕೂಲಿಗೆ ಬರುತ್ತದೆ.

ಹತ್ತು ವರ್ಷ ಕಳೆಯುತ್ತದೆ. ಯುಜಿನ್ ಈಗ ಒಳಾಂಗಣ ವಿನ್ಯಾಸದ ಕೆಲಸದಲ್ಲಿದ್ದಾಳೆ. ಬಾಲ್ಯದ ಗೆಳೆಯ ಸಾಂಗ್‌ಹ್ಯಕ್ ಜೊತೆ ನಿಶ್ಚಿತಾರ್ಥ. ಅದೇ ದಿನ ಆ ವರ್ಷದ ಮೊದಲ ಹಿಮ ಬೀಳುತ್ತದೆ. ರಸ್ತೆಯಲ್ಲಿ ಜುನ್‌ಸಾಂಗ್‌ನ ಮುಖ ಹೊತ್ತ ಒಬ್ಬ ಮನುಷ್ಯ ನಡೆದು ಹೋಗುತ್ತಾನೆ. ಅವಳು ನಿಶ್ಚಿತಾರ್ಥ ಮರೆತು ಅವನ ಹಿಂದೆ ಓಡುತ್ತಾಳೆ. ಆಮೇಲೆ ಗೊತ್ತಾಗುತ್ತದೆ, ಅವನ ಹೆಸರು ಮಿನ್‌ಹ್ಯಂಗ್, ಅಮೆರಿಕದಿಂದ ಬಂದ ವಾಸ್ತುಶಿಲ್ಪಿ. ಅವನಿಗೆ ಇವಳ ಪರಿಚಯವೇ ಇಲ್ಲ.

ಇಲ್ಲಿಂದ ಮುಂದಿನ ಏಳೆಂಟು ಕಂತುಗಳಿಗಾಗಿಯೇ ಈ ಧಾರಾವಾಹಿ ನೋಡಬೇಕು. ಯಾಕೆ ಅಂದರೆ ಅದು ಕೇಳುವ ಪ್ರಶ್ನೆ ಸಣ್ಣದಲ್ಲ. ನಾವು ಒಬ್ಬರನ್ನು ಇಷ್ಟಪಟ್ಟಾಗ ಇಷ್ಟಪಡೋದು ಏನನ್ನು? ಮುಖವನ್ನಾ? ಒಟ್ಟಿಗೆ ಕಳೆದ ದಿನಗಳನ್ನಾ? ಇವೆರಡೂ ಬೇರೆಬೇರೆಯಾದರೆ ಪ್ರೀತಿ ಯಾವ ಕಡೆ ಹೋಗುತ್ತದೆ? ಜುನ್‌ಸಾಂಗ್ ಮಾತು ಕಡಿಮೆಯ, ಸಿಡುಕು ಹುಡುಗ. ಮಿನ್‌ಹ್ಯಂಗ್ ನಗುಮುಖದ, ಆರಾಮಾಗಿ ಬದುಕಿದ ಮನುಷ್ಯ. ಯುಜಿನ್ ಮೊದಮೊದಲು ಅವನಲ್ಲಿ ಹಳೆಯವನನ್ನು ಹುಡುಕುತ್ತಾಳೆ. ಅವನೋ, ಇವಳು ಸತ್ತ ಗೆಳೆಯನ ಕಥೆ ಕಟ್ಟಿ ತನ್ನನ್ನು ಬಲೆಗೆ ಹಾಕುತ್ತಿದ್ದಾಳೆ ಅಂದುಕೊಳ್ಳುತ್ತಾನೆ. ನಿಧಾನವಾಗಿ ಇಬ್ಬರೂ ಹತ್ತಿರವಾಗುತ್ತಾರೆ. ಆ ಹೊತ್ತಿಗೆ ಅವಳಿಗೆ ತಾನು ನೋಡುತ್ತಿರುವುದು ಹಳೆಯ ಹುಡುಗನನ್ನಲ್ಲ, ಎದುರಿಗಿರುವ ಇವನನ್ನೇ ಅನ್ನೋದು ತಿಳಿದುಹೋಗಿರುತ್ತದೆ. ಅದೇ ಅವಳಿಗೆ ಭಯ. ಸತ್ತವನಿಗೆ ಮೋಸ ಮಾಡುತ್ತಿದ್ದೇನೆ, ಬದುಕಿರುವ ಸಾಂಗ್‌ಹ್ಯಕ್‌ಗೂ ಮೋಸ ಮಾಡುತ್ತಿದ್ದೇನೆ ಅನ್ನುವ ಎರಡು ಕಡೆಯ ತಪ್ಪಿತಸ್ಥ ಭಾವ.

ಒಂದು ದೃಶ್ಯ ಹೇಳುತ್ತೇನೆ. ಸಾಂಗ್‌ಹ್ಯಕ್ ಯಾಕೆ ಇಷ್ಟ ಅಂತ ಮಿನ್‌ಹ್ಯಂಗ್ ಕೇಳುತ್ತಾನೆ. ಅವಳು ಕಾರಣಗಳನ್ನು ಒಂದರ ಹಿಂದೆ ಒಂದು ಹೇಳುತ್ತಾ ಹೋಗುತ್ತಾಳೆ. ಒಳ್ಳೆಯವನು, ನಂಬಿಗಸ್ಥ, ಹೀಗೆ. ಅವನು ಸುಮ್ಮನೆ ಕೇಳಿ, ನಿಮ್ಮ ಹತ್ತಿರ ಕಾರಣ ಜಾಸ್ತಿ ಇದೆ ಅಂತಾನೆ. ನಿಜವಾಗಿ ಇಷ್ಟಪಟ್ಟವರಿಗೆ ಇಷ್ಟೊಂದು ಕಾರಣ ಹೊಳೆಯಲ್ಲ ಅನ್ನೋದು ಅವನ ಮಾತಿನ ಸಾರ. ಆಮೇಲೆ ಇವನ ವಿಷಯದಲ್ಲಿ ಅದೇ ಪ್ರಶ್ನೆ ಎದುರಾದಾಗ ಅವಳ ಬಾಯಿಂದ ಒಂದು ಮಾತೂ ಬರುವುದಿಲ್ಲ. ಇಷ್ಟೇ. ದೊಡ್ಡ ಡೈಲಾಗ್ ಇಲ್ಲ, ಗುಡುಗಿನ ಸದ್ದಿಲ್ಲ, ಮುಖದ ಮೇಲೆ ಮೂರು ಸಲ ಕ್ಯಾಮೆರಾ ಬಡಿಯಲ್ಲ. ಬರವಣಿಗೆ ತನ್ನ ನೋಡುಗರನ್ನು ನಂಬುತ್ತದೆ.

ಈ ಹಿಡಿತ ಧಾರಾವಾಹಿಯ ಮೈಯಲ್ಲೆಲ್ಲ ಇದೆ. 20 ಕಂತಿನ ಪ್ರೇಮಕಥೆಯಲ್ಲಿ ಮುತ್ತುಗಳು ಬೆರಳೆಣಿಕೆಯಷ್ಟು. ಮೊದಲನೆಯದು ಬರುವ ರೀತಿಯೇ ಎಲ್ಲರಿಗೂ ನೆನಪಿರುವುದು. ಇಬ್ಬರೂ ಪುಟ್ಟ ಎರಡು ಹಿಮದ ಗೊಂಬೆ ಮಾಡಿ, ಅವುಗಳಿಗೆ ಮುತ್ತು ಕೊಡಿಸಿ, ಆಮೇಲೆ ತಾವು ನಾಚುತ್ತಾರೆ. ಅವಳು ಕೊಟ್ಟ ಕೈಗವಸನ್ನು ವಾಪಸ್ ಕೊಡಬೇಕು ಅನ್ನುವ ಒಂದು ನೆಪ ಸಾಕು, ಹುಡುಗ ವಿಮಾನ ಬಿಟ್ಟು ಓಡಿಬರುತ್ತಾನೆ. ಅವನು ಪಿಯಾನೊ ನುಡಿಸಿ ಕಳಿಸಿದ್ದ ಕ್ಯಾಸೆಟ್ಟು ಅವಳ ಮನೆಗೆ ಬರುವುದು ಅವನು ಹೋದ ಮೇಲೆ. ಕೈಗವಸು, ಕ್ಯಾಸೆಟ್ಟು, ಧ್ರುವ ನಕ್ಷತ್ರದ ಪದಕದ ಸರ. ಇಂಥ ಚಿಕ್ಕಪುಟ್ಟ ವಸ್ತುಗಳ ಮೇಲೆ ಕಥೆ ನಿಂತಿದೆ. ಮಾತಿನಲ್ಲಿ ಹೇಳಲಾಗದ್ದನ್ನು ಅವು ಹೊರುತ್ತವೆ.

ನಿರ್ದೇಶಕನ ಕಣ್ಣಿನ ಬಗ್ಗೆಯೂ ಹೇಳಬೇಕು. ಯೂನ್ ಸೊಕ್‌ಹೊ ನಾಲ್ಕು ಋತುಗಳಿಗೆ ನಾಲ್ಕು ಧಾರಾವಾಹಿ ಮಾಡಿದವರು. 2000ದಲ್ಲಿ ಶರತ್ಕಾಲದ್ದು, 2002ರಲ್ಲಿ ಈ ಚಳಿಗಾಲದ್ದು, 2003ರಲ್ಲಿ ಬೇಸಿಗೆಯದ್ದು, 2006ರಲ್ಲಿ ವಸಂತದ್ದು. ಅವರಿಗೆ ಹವಾಮಾನವೂ ಒಂದು ಪಾತ್ರ. ನಾಮಿ ದ್ವೀಪದ ಎತ್ತರದ ಮೆಟಾಸಿಕೋಯಾ ಮರಗಳ ಸಾಲು, ಯೊಂಗ್‌ಪ್ಯೊಂಗ್‌ನ ಸ್ಕೀ ಬೆಟ್ಟ, ಉಸಿರು ಬಿಟ್ಟರೆ ಹೊಗೆಯಾಗುವ ಚಳಿ. ಜನ ಕೋಟಿನೊಳಗೆ ಮುದುಡಿಕೊಂಡು, ಕತ್ತಿಗೆ ದಪ್ಪ ಮಫ್ಲರ್ ಸುತ್ತಿಕೊಂಡು ಮಾತಾಡುತ್ತಾರೆ. ಮೈ ಇಷ್ಟು ಮುಚ್ಚಿಕೊಂಡಿರುವ ಕಥೆಯಲ್ಲಿ ಒಂದು ಬರಿಗೈ ಇನ್ನೊಂದು ಬರಿಗೈಯನ್ನು ಹಿಡಿಯುವುದೇ ದೊಡ್ಡ ಘಟನೆ. ಬಿಸಿಲಿನ ಊರಲ್ಲಿ ಇದೇ ಕಥೆ ತೆಗೆದಿದ್ದರೆ ಅರ್ಧ ಕಳೆದುಹೋಗುತ್ತಿತ್ತು.

ಈಗ ಜನ ನಗುವ ವಿಷಯಕ್ಕೆ ಬರೋಣ. ‘ಹುಟ್ಟಿನ ಗುಟ್ಟು’. ಅಪ್ಪ ಯಾರು ಅನ್ನುವ ಪ್ರಶ್ನೆ ಕೊರಿಯನ್ ಧಾರಾವಾಹಿಗಳಲ್ಲಿ ಮತ್ತೆಮತ್ತೆ ಬರುತ್ತದೆ. ಸವಕಲು ತಂತ್ರ ಅಂತ ಟೀಕಿಸೋದು ಸುಲಭ. ಆದರೆ 2002ರ ಕೊರಿಯಾ ಹೇಗಿತ್ತು ನೋಡಿ. ಅಲ್ಲಿ ಆಗ ‘ಹೋಜು’ ಪದ್ಧತಿ ಇತ್ತು. ಪ್ರತಿಯೊಂದು ಕುಟುಂಬಕ್ಕೂ ಕಾನೂನಿನ ಪ್ರಕಾರ ಒಬ್ಬ ಯಜಮಾನ, ಸಾಮಾನ್ಯವಾಗಿ ಗಂಡಸು. ಮಕ್ಕಳ ಹೆಸರು ಅಪ್ಪನ ದಾಖಲೆಯಲ್ಲಿ ಸೇರುತ್ತಿತ್ತು. ಅಪ್ಪ ಒಪ್ಪಿಕೊಳ್ಳದ ಮಗು ತಾಯಿಯ ಮನೆತನದ ಹೆಸರು ಹೊತ್ತು, ಎಲ್ಲ ಕಾಗದದಲ್ಲೂ ಅದನ್ನೇ ತೋರಿಸುತ್ತಾ ಬದುಕಬೇಕಿತ್ತು. ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಈ ಪದ್ಧತಿ ಸರಿಯಲ್ಲ ಅಂದದ್ದು 2005ರಲ್ಲಿ. ಅದು ಪೂರ್ತಿ ಹೋದದ್ದು 2008ರ ಜನವರಿಯಲ್ಲಿ. ಜುನ್‌ಸಾಂಗ್‌ನ ಮನೆತನದ ಹೆಸರು ಕಾಂಗ್. ಅದು ಅವನ ತಾಯಿ ಕಾಂಗ್ ಮಿಹೀಯ ಹೆಸರು. ಆಗಿನ ಕೊರಿಯನ್ ನೋಡುಗರಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆ ಹುಡುಗ ಅಷ್ಟು ಬಿಗಿದುಕೊಂಡು ಯಾಕಿದ್ದಾನೆ ಅನ್ನೋದು ಹಾಜರಿ ಕರೆದ ಕೂಡಲೇ ತಿಳಿಯುತ್ತಿತ್ತು.

ತಾಯಿ ಮಾಡಿದ್ದೂ ಇದೇ ಬೆಳಕಿನಲ್ಲಿ ಬೇರೆ ಕಾಣುತ್ತದೆ. ಜುನ್‌ಸಾಂಗ್ ಸತ್ತಿರಲೇ ಇಲ್ಲ, ಮಿನ್‌ಹ್ಯಂಗ್ ಅಂದರೆ ಅವನೇ. ಅಪಘಾತದಲ್ಲಿ ನೆನಪು ಕಳೆದುಕೊಂಡ ಮಗನಿಗೆ ಅವಳು ಮನೋವೈದ್ಯನ ಕೈಯಲ್ಲಿ ಹೊಸ ನೆನಪು ತುಂಬಿಸುತ್ತಾಳೆ. ಹೊಸ ಹೆಸರು, ಅಮೆರಿಕದ ಬಾಲ್ಯ, ಎಲ್ಲಕ್ಕಿಂತ ಮುಖ್ಯವಾಗಿ ಒಬ್ಬ ಅಪ್ಪ. ವೈದ್ಯಶಾಸ್ತ್ರದ ಪ್ರಕಾರ ಇದು ಕಟ್ಟುಕಥೆ, ನಿಜ. ಆದರೆ ಮಗನ ತಲೆಯ ಮೇಲಿನ ಕಳಂಕ ಅಳಿಸಲು ಮಗನನ್ನೇ ಅಳಿಸಿದ ತಾಯಿ ಅನ್ನುವ ಕಲ್ಪನೆ ಹಗುರವಾದದ್ದಲ್ಲ. ಅವಳು ಕೆಟ್ಟವಳಲ್ಲ. ಸಮಾಜ ಕೇಳುವ ಪ್ರಶ್ನೆಗೆ ಉತ್ತರ ಇಲ್ಲದಿದ್ದಾಗ ಪ್ರಶ್ನೆಯನ್ನೇ ಇಲ್ಲದಂತೆ ಮಾಡಲು ಹೋದವಳು.

ಕೊನೆಯದಾಗಿ ಜಪಾನ್. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 2003ರಲ್ಲಿ ಇದನ್ನು ಉಪಗ್ರಹ ವಾಹಿನಿಯಲ್ಲಿ ತೋರಿಸಿತು. ಜನ ಮತ್ತೆ ಬೇಕು ಅಂದರು, ಆ ವರ್ಷದ ಕೊನೆಗೆ ಮತ್ತೆ ತೋರಿಸಿತು. 2004ರ ಏಪ್ರಿಲ್‌ನಿಂದ ಮುಖ್ಯ ವಾಹಿನಿಯಲ್ಲಿ, ಶನಿವಾರ ರಾತ್ರಿ 11 ಗಂಟೆ ದಾಟಿದ ಮೇಲೆ. ಅಷ್ಟು ಹೊತ್ತಿನಲ್ಲೂ ಕೊನೆಯ ಕಂತಿಗೆ ಟೋಕಿಯೊ ಇರುವ ಕಾಂಟೊ ಭಾಗದಲ್ಲಿ ಶೇ. 20.6ರಷ್ಟು ಟಿಆರ್‌ಪಿ ಬಂತು. ಡಬ್ ಮಾಡಿದ್ದು ಸಾಲದು, ನಟರ ಸ್ವಂತ ದನಿ ಕೇಳಬೇಕು ಅಂತ ಜನ ಹಟ ಹಿಡಿದರು. 2004ರ ಡಿಸೆಂಬರ್‌ನಲ್ಲಿ ಕತ್ತರಿ ಹಾಕದ ಕೊರಿಯನ್ ಭಾಷೆಯ ಕಂತುಗಳು ಸಬ್‌ಟೈಟಲ್ ಜೊತೆ ಬಂದವು. ಬೇ ಯೊಂಗ್‌ಜುನ್ ಅಲ್ಲಿ ‘ಯೊನ್‌ಸಾಮಾ’ ಆದರು (‘ಸಾಮಾ’ ಅಂದರೆ ಜಪಾನಿಯಲ್ಲಿ ಬಹಳ ಗೌರವದ ಸಂಬೋಧನೆ). 2004ರ ನವೆಂಬರ್‌ನಲ್ಲಿ ಅವರು ನರಿಟಾ ವಿಮಾನ ನಿಲ್ದಾಣದಲ್ಲಿ ಇಳಿದಾಗ ಸಾವಿರಾರು ಜನ ಸೇರಿದ್ದರು. ಹೆಚ್ಚಿನವರು ನಡುವಯಸ್ಸು ದಾಟಿದ ಹೆಂಗಸರು. ತಾನೂ ಯೊನ್‌ಸಾಮಾನಷ್ಟು ಜನಪ್ರಿಯ ಆಗಬೇಕು ಅಂತ ಆಗಿನ ಪ್ರಧಾನಿ ಕೊಯಿಜುಮಿಯೇ ತಮಾಷೆ ಮಾಡಿದ್ದರು.

1910ರಿಂದ 1945ರವರೆಗೆ ಕೊರಿಯಾವನ್ನು ಆಳಿದ ದೇಶ ಅದು. ಕೊರಿಯನ್ನರನ್ನು ಕೀಳಾಗಿ ಕಂಡ ತಲೆಮಾರುಗಳು ಅಲ್ಲಿ ಇದ್ದವು. ಅಂಥ ಕಡೆ ಅರವತ್ತರ ಹೆಂಗಸೊಬ್ಬಳು ಕೊರಿಯನ್ ಲಿಪಿಯಾದ ಹಂಗುಲ್ ಅಕ್ಷರ ತಿದ್ದಲು ಕೂತಳು, ಚುಂಚನ್‌ಗೆ ಟಿಕೆಟ್ ತೆಗೆಸಿದಳು ಅಂದರೆ, ಒಂದು ಪ್ರೇಮಕಥೆಗೆ ಅದು ಸಣ್ಣ ಸಾಧನೆಯಲ್ಲ. ಸರ್ಕಾರಗಳ ಮಾತುಕತೆಯಿಂದ ಆಗದ್ದು ಇಲ್ಲಿ ಆಯಿತು. ಆ ಹೆಂಗಸರನ್ನು ಅಲ್ಲಿನ ಪತ್ರಿಕೆಗಳು ಗೇಲಿ ಮಾಡಿದವು. ಮನೆ, ಗಂಡ, ಮಕ್ಕಳು ಅಂತ ಮೂವತ್ತು ವರ್ಷ ಕಳೆದವರಿಗೆ ತಮ್ಮ ಹರೆಯದ ಒಂದು ಚಳಿಗಾಲ ನೆನಪಾದರೆ ಅದರಲ್ಲಿ ನಗುವಂಥದ್ದೇನಿದೆ? ಅವರು ಕಥೆಯ ಹೂರಣವನ್ನು ವಿಮರ್ಶಕರಿಗಿಂತ ಚೆನ್ನಾಗಿ ಹಿಡಿದಿದ್ದರು. ಮರೆತುಹೋದ ತನ್ನನ್ನು ಯಾರೋ ಗುರುತಿಸಬೇಕು ಅನ್ನುವ ಆಸೆ ಬರೀ ಜುನ್‌ಸಾಂಗ್‌ನದ್ದಲ್ಲ.

ಹಾಗಾಗಿ ನೋಡಿ. ಫೋನಿನ ಪರದೆಯಲ್ಲಿ ಬೇಡ, ಸ್ವಲ್ಪ ದೊಡ್ಡ ಪರದೆಯಲ್ಲಿ. ಚಿತ್ರ ಹಳೆಯ ಟಿವಿಯ ಚೌಕಾಕಾರದಲ್ಲೇ ಇರುತ್ತದೆ, ಮೊದಲ ಅರ್ಧ ಗಂಟೆ ಕಿರಿಕಿರಿ ಆಗಬಹುದು. ಒಂದೂವರೆ ಪಟ್ಟು ವೇಗಕ್ಕೆ ಹಾಕಿ ಮಾತ್ರ ನೋಡಬೇಡಿ. ಈ ಧಾರಾವಾಹಿಯಲ್ಲಿ ಮಾತಿಗಿಂತ ಮಾತಿನ ನಡುವಿನ ಜಾಗ ಜಾಸ್ತಿ.

ವಿರೋಧ: ಎಲ್ಲರಿಗೂ ಗೊತ್ತು, ಯುಜಿನ್‌ಗೆ ಮಾತ್ರ ಗೊತ್ತಿಲ್ಲ

ಮೊದಲರ್ಧದ ಪ್ರಶ್ನೆ ದೊಡ್ಡದು ಅನ್ನುವುದನ್ನು ಒಪ್ಪೋಣ. ಮುಖ ಒಂದೇ, ಮನುಷ್ಯ ಬೇರೆ, ಪ್ರೀತಿ ಯಾರ ಮೇಲೆ? ಒಳ್ಳೆಯ ಪ್ರಶ್ನೆ. ಆದರೆ ಧಾರಾವಾಹಿ ಅದಕ್ಕೆ ಉತ್ತರ ಕೊಡುವ ಧೈರ್ಯ ಮಾಡಲಿಲ್ಲ. ಮಿನ್‌ಹ್ಯಂಗ್ ನಿಜಕ್ಕೂ ಬೇರೆ ಮನುಷ್ಯನಾಗಿದ್ದರೆ ಯುಜಿನ್ ಆಯ್ಕೆ ಮಾಡಲೇಬೇಕಿತ್ತು. ಸತ್ತವನನ್ನು ಬಿಟ್ಟು ಬದುಕಿರುವವನ ಕೈ ಹಿಡಿಯಬೇಕಿತ್ತು. ಅದರ ಬೆಲೆಯನ್ನೂ ಅವಳೇ ತೆರಬೇಕಿತ್ತು. ಬರಹಗಾರರು ಅವಳನ್ನು ಆ ಕಷ್ಟದಿಂದ ಪಾರು ಮಾಡಿಬಿಟ್ಟರು. ಅವನೇ ಇವನು, ಇವನೇ ಅವನು. ಮೊದಲ ಪ್ರೀತಿಯೂ ಉಳಿಯಿತು, ಎರಡನೆಯದೂ ಸಿಕ್ಕಿತು. ಮಿನ್‌ಹ್ಯಂಗ್ ಎಂಬ ಮನುಷ್ಯ ಏನಾದ? ಅವನನ್ನು ಯಾರೂ ಕೇಳಲಿಲ್ಲ. ಹತ್ತು ವರ್ಷ ಬದುಕಿದ, ನಗುತ್ತಿದ್ದ, ಕೆಲಸ ಮಾಡುತ್ತಿದ್ದ ಒಬ್ಬ ವ್ಯಕ್ತಿ ಸುಳ್ಳು ನೆನಪು ಅಂತಾಗಿ ಮೂಲೆಗೆ ಹೋದ. ಅವನಿಗಾಗಿ ಒಂದು ತೊಟ್ಟು ಕಣ್ಣೀರಿಲ್ಲ. ಇಷ್ಟೊಂದು ಅಳುವ ಧಾರಾವಾಹಿ ಅಳಬೇಕಾದ ಕಡೆ ಅತ್ತಿಲ್ಲ.

ಪ್ರಶ್ನೆ ಕೈಬಿಟ್ಟ ಮೇಲೆ ಉಳಿದ ಕಂತುಗಳನ್ನು ತುಂಬಿಸಬೇಕಲ್ಲ. ಅದಕ್ಕೆ ಇನ್ನೊಂದು ಕಾರು ಅಪಘಾತ. ಅದರಿಂದ ನೆನಪು ವಾಪಸ್. ಆಮೇಲೆ ಇಬ್ಬರೂ ಒಂದೇ ತಂದೆಯ ಮಕ್ಕಳು ಅನ್ನುವ ಬಾಂಬು. ಆಮೇಲೆ ಅದು ಸುಳ್ಳು, ಅವನ ತಂದೆ ಯುಜಿನ್‌ನ ತಂದೆಯಲ್ಲ, ಸಾಂಗ್‌ಹ್ಯಕ್‌ನ ತಂದೆ ಅನ್ನುವ ಇನ್ನೊಂದು ಬಾಂಬು. ಅಂದರೆ ಇಷ್ಟು ದಿನ ಹುಡುಗಿಗಾಗಿ ಹೊಡೆದಾಡಿದವರು ಅಣ್ಣತಮ್ಮ. ಅದೂ ಸಾಲದು ಅಂತ ಹಳೆಯ ಅಪಘಾತದಿಂದ ಮಿದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ, ಕಣ್ಣು ಹೋಗುವ ಅಪಾಯ, ಅಮೆರಿಕಕ್ಕೆ ಪ್ರಯಾಣ, ಮೂರು ವರ್ಷದ ಅಗಲಿಕೆ. ಇವುಗಳಲ್ಲಿ ಯಾವುದೂ ಪಾತ್ರಗಳ ಸ್ವಭಾವದಿಂದ ಹುಟ್ಟಿದ್ದಲ್ಲ. ಮೇಲಿಂದ ಬಿದ್ದದ್ದು.

ಇದಕ್ಕೆ ಆ ಕಾಲದ ಕೆಲಸದ ರೀತಿಯೂ ಕಾರಣ. ಆಗ ಕೊರಿಯನ್ ಧಾರಾವಾಹಿಗಳನ್ನು ಪೂರ್ತಿ ತೆಗೆದು ಆಮೇಲೆ ತೋರಿಸುತ್ತಿರಲಿಲ್ಲ. ವಾರಕ್ಕೆ ಎರಡು ಗಂಟೆ ಪ್ರಸಾರ, ಅತ್ತ ಕಂತು ಹೋಗುತ್ತಿರುವಾಗಲೇ ಇತ್ತ ಮುಂದಿನದ್ದರ ಚಿತ್ರೀಕರಣ. ಚಿತ್ರಕಥೆಯ ಹಾಳೆಗಳು ಬಿಡಿಬಿಡಿಯಾಗಿ ಸೆಟ್ಟಿಗೆ ಬರೋದು ಅಲ್ಲಿ ಮಾಮೂಲಿ. ನಟರಿಗೆ ನಿದ್ದೆ ಇಲ್ಲ, ಬರೆಯುವವರಿಗೆ ಹಿಂದೆ ತಿರುಗಿ ನೋಡಲು ಸಮಯವಿಲ್ಲ. ಹಾಗಿದ್ದರೂ ಮೊದಲ ಕಂತುಗಳಲ್ಲಿ ಅಷ್ಟು ಚೆನ್ನಾಗಿ ಕಟ್ಟಿದ್ದಾರಲ್ಲ ಅಂತ ಮೆಚ್ಚಬಹುದು. ಹಾಗಂತ ನಮ್ಮ 20 ಗಂಟೆಯನ್ನು ಕನಿಕರಕ್ಕೆ ಕೊಡೋಕಾಗಲ್ಲ, ಅಲ್ವಾ?

ನಮ್ಮ ದಿನದ ಧಾರಾವಾಹಿಗಳಿಗಿಂತ ಇದು ಎಷ್ಟೋ ಮೇಲು, 20 ಕಂತಿಗೆ ಮುಗಿಯುತ್ತದೆ ಅಂತ ಹೊಗಳುವವರಿದ್ದಾರೆ. ಕನ್ನಡ ವಾಹಿನಿಗಳಲ್ಲಿ ಒಂದು ಮದುವೆಯೇ ತಿಂಗಳುಗಟ್ಟಲೆ ನಡೆಯುವುದು ನಿಜ. ಆದರೆ ಬೇಗ ಮುಗಿಯುವುದೇ ಗುಣವಲ್ಲ. ಇಲ್ಲಿ 12 ಕಂತಿನ ಕಥೆಯನ್ನು 20ಕ್ಕೆ ಎಳೆದಿದ್ದಾರೆ. ಅದೇ ನೆನಪಿನ ತುಣುಕು, ಅದೇ ಮರಗಳ ಸಾಲು, ಅದೇ ಹಾಡು. ಗಾಯಕ ರ್ಯೂ ಹಾಡಿದ್ದು ಚೆನ್ನಾಗಿಯೇ ಇದೆ. ಆದರೆ ಯುಜಿನ್‌ನ ಕಣ್ಣು ಒದ್ದೆಯಾದಾಗಲೆಲ್ಲ ಪಿಯಾನೊ ಶುರುವಾದರೆ, ಅಳುವುದು ಅವಳೋ ಪಿಯಾನೊವೋ ಅನ್ನುವ ಅನುಮಾನ ಬರುತ್ತದೆ.

ಇವೆಲ್ಲ ರುಚಿಯ ವಿಷಯ ಅಂತ ತಳ್ಳಿಹಾಕಬಹುದು. ಮುಂದಿನದ್ದನ್ನು ಹಾಗೆ ತಳ್ಳಲಾಗದು. ಈ ಧಾರಾವಾಹಿಯಲ್ಲಿ ಯುಜಿನ್‌ಗೆ ಯಾವ ವಿಷಯವೂ ಮೊದಲು ಗೊತ್ತಾಗುವುದಿಲ್ಲ. ಎಣಿಸಿ ನೋಡಿ. ತಾನೇ ಜುನ್‌ಸಾಂಗ್ ಅನ್ನೋದು ಮಿನ್‌ಹ್ಯಂಗ್‌ಗೆ ತಿಳಿಯುತ್ತದೆ. ಅವಳ ಒಳ್ಳೆಯದಕ್ಕೆ ಅಂತ ಮುಚ್ಚಿಟ್ಟು ದೇಶ ಬಿಡಲು ಹೊರಡುತ್ತಾನೆ. ಇಬ್ಬರೂ ಅಣ್ಣತಂಗಿ ಅನ್ನುವ ಸುದ್ದಿ ಅವನಿಗೆ ಬರುತ್ತದೆ. ಮತ್ತೆ ಮುಚ್ಚಿಡುತ್ತಾನೆ. ಅವಳನ್ನು ಸಮುದ್ರ ತೀರಕ್ಕೆ ಕರೆದುಕೊಂಡು ಹೋಗಿ, ಕೊನೆಯ ಪ್ರವಾಸ ಅನ್ನೋದು ಅವಳಿಗೇ ತಿಳಿಯದ ಹಾಗೆ ಒಂದು ಪ್ರವಾಸ ಮುಗಿಸುತ್ತಾನೆ. ಕಣ್ಣಿನ ಕಾಯಿಲೆಯ ಸುದ್ದಿಯೂ ಹಾಗೇ. ತಾಯಿ ಮಗನಿಂದ ಮುಚ್ಚಿಟ್ಟಳು ಅಂತ ನಾವು ಬೇಸರ ಮಾಡಿಕೊಳ್ಳುತ್ತೇವೆ. ಮಗ ಅದನ್ನೇ ಯುಜಿನ್‌ಗೆ ಮಾಡಿದರೆ ತ್ಯಾಗ ಅನ್ನುತ್ತೇವೆ. ಅವಳ ಬದುಕಿನ ಬಗ್ಗೆ ಎಲ್ಲರೂ ತೀರ್ಮಾನ ಮಾಡುತ್ತಾರೆ. ಅವಳ ಪಾಲಿಗೆ ಬಂದದ್ದು ತಡವಾಗಿ ತಿಳಿದು ಅಳುವ ಕೆಲಸ. ಚೊಯ್ ಜಿವೂ ಅದನ್ನು ಬಹಳ ಚೆನ್ನಾಗಿ ಮಾಡುತ್ತಾರೆ. ಪಾತ್ರಕ್ಕೆ ಅದರಾಚೆ ಕೊಟ್ಟದ್ದು ಕಡಿಮೆ.

ಸಾಂಗ್‌ಹ್ಯಕ್ ವಿಷಯಕ್ಕೆ ಬಂದರೆ ಇನ್ನೂ ಕಷ್ಟ. ಎರಡನೇ ನಾಯಕ, ಒಳ್ಳೆಯ ಹುಡುಗ, ರೇಡಿಯೊದಲ್ಲಿ ಕೆಲಸ, ಚಿಕ್ಕಂದಿನಿಂದ ಅವಳನ್ನೇ ನೆಚ್ಚಿಕೊಂಡವನು. ಪಾರ್ಕ್ ಯೊಂಗ್‌ಹಾ ಆ ನೋವನ್ನು ಮನಸ್ಸಿಗೆ ಮುಟ್ಟುವ ಹಾಗೆ ಅಭಿನಯಿಸಿದ್ದಾರೆ. ಈ ನಟ 2010ರಲ್ಲಿ ತೀರಿಕೊಂಡರು. ಹಾಗಾಗಿ ಇವತ್ತು ನೋಡುವಾಗ ಅವರ ಮುಖ ಇನ್ನಷ್ಟು ಕಾಡುತ್ತದೆ. ಆದರೆ ಪಾತ್ರ ಮಾಡುವ ಕೆಲಸ ನೋಡಿ. ಯುಜಿನ್ ಕೈತಪ್ಪುತ್ತಿದ್ದಾಳೆ ಅನ್ನಿಸಿದಾಗ ಅವಳನ್ನು ಹೋಟೆಲ್ ಕೋಣೆಗೆ ಕರೆದುಕೊಂಡು ಹೋಗಿ ಬಲವಂತ ಮಾಡಲು ನೋಡುತ್ತಾನೆ. ಅವಳು ತಪ್ಪಿಸಿಕೊಂಡು ಓಡುತ್ತಾಳೆ. ಅಲ್ಲಿಗೆ ಆ ಸಂಬಂಧ ಮುಗಿಯಬೇಕಿತ್ತು. ಮುಗಿಯಲ್ಲ. ಅವನು ಊಟ ಬಿಟ್ಟು ಆಸ್ಪತ್ರೆ ಸೇರುತ್ತಾನೆ. ಅವನ ತಾಯಿ ಬಂದು ಯುಜಿನ್ ಮುಂದೆ ಅಳುತ್ತಾಳೆ. ಕೊನೆಗೆ ಮಿನ್‌ಹ್ಯಂಗೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಿಡುತ್ತಾನೆ. ಅವಳು ಸಾಂಗ್‌ಹ್ಯಕ್ ಹತ್ತಿರ ವಾಪಸ್ ಹೋಗುತ್ತಾಳೆ. ಇದನ್ನೆಲ್ಲ ಅದೇ ಮೆತ್ತನೆಯ ಬೆಳಕಲ್ಲಿ, ಅದೇ ಪಿಯಾನೊ ಹಾಕಿ ತೋರಿಸಿದ್ದಾರೆ. ಬಲವಂತ ಮಾಡಿದವನ ಸಂಕಟ ನೋಡುಗರ ಸಂಕಟ ಆಗುತ್ತದೆ. ಓಡಿ ತಪ್ಪಿಸಿಕೊಂಡವಳು ಋಣ ತೀರಿಸಬೇಕಾದವಳು ಆಗುತ್ತಾಳೆ. ಕಾಲ ಹಾಗಿತ್ತು ಅಂತ ಸಮಾಧಾನ ಹೇಳಬಹುದು. 2002 ಅಷ್ಟೇನೂ ಹಿಂದಿನ ಕಾಲವಲ್ಲ.

ಇದಕ್ಕೆ ಜೋಡಿಯಾಗಿ ಚೆರಿನ್ ಇದ್ದಾಳೆ, ಯುಜಿನ್‌ನ ಹೈಸ್ಕೂಲು ಸಹಪಾಠಿ, ಮಿನ್‌ಹ್ಯಂಗ್‌ನ ಗೆಳತಿ. ಸುಳ್ಳು ಹೇಳುವುದು, ಚಾಡಿ ಚುಚ್ಚುವುದು, ಅಸೂಯೆ ಪಡುವುದು, ಎಲ್ಲವೂ ಅವಳ ಪಾಲಿಗೆ. ಗಂಡಸು ತಪ್ಪು ಮಾಡಿದರೆ ಪ್ರೀತಿ ಜಾಸ್ತಿಯಾದದ್ದಕ್ಕೆ. ಹೆಂಗಸು ತಪ್ಪು ಮಾಡಿದರೆ ಅವಳ ಬುದ್ಧಿಯೇ ಹಾಗೆ.

ಹುಟ್ಟಿನ ಗುಟ್ಟಿನ ಹಿಂದೆ ಹೋಜು ಪದ್ಧತಿಯ ನೋವಿದೆ ಅನ್ನುವ ವಾದ ಕೇಳಲು ಚೆನ್ನಾಗಿದೆ. ಆದರೆ ಅದು ಕೊರಿಯಾದ ಇತಿಹಾಸದಿಂದ ನಾವು ತಂದು ಹಾಕಿದ ಅರ್ಥ. ಕಥೆ ಆ ಕಾನೂನನ್ನು ಎಲ್ಲಿ ಪ್ರಶ್ನಿಸುತ್ತದೆ? ಕಾಂಗ್ ಮಿಹೀ ಒಬ್ಬಳೇ ಮಗನನ್ನು ಸಾಕಿ, ಅಷ್ಟು ದೊಡ್ಡ ಕಲಾವಿದೆಯಾದವಳು. ಆ ಬದುಕಿನ ಬಗ್ಗೆ ಒಂದು ಕಂತೂ ಇಲ್ಲ. ಅವಳಿಂದ ಕಥೆಗೆ ಬೇಕಾಗಿದ್ದು ಒಂದು ಸುಳ್ಳು, ಆಮೇಲೆ ಆ ಸುಳ್ಳಿನ ತಪ್ಪೊಪ್ಪಿಗೆ. ಅವಳನ್ನು ಬಸಿರು ಮಾಡಿ ಮರೆತ ಗಂಡಸು ಪ್ರೊಫೆಸರ್ ಆಗಿ, ಗೌರವಸ್ಥನಾಗಿ, ಮನೆಯಲ್ಲಿ ಕೂತಿದ್ದಾನೆ. ಕೊನೆಗೆ ಮಗ ಸಿಕ್ಕಿದ ಸಂಕಟದಲ್ಲಿ ಅವನಿಗೂ ನಮ್ಮ ಕನಿಕರವೇ ಸಿಗುತ್ತದೆ.

ಹೊಸತನದ ಮಾತು ಬಂದರೆ, ಇದೇ ನಿರ್ದೇಶಕರ 2000ದ ಧಾರಾವಾಹಿಯಲ್ಲೂ ಆಸ್ಪತ್ರೆಯಲ್ಲಿ ಅದಲುಬದಲಾದ ಶಿಶುಗಳು, ಅಣ್ಣತಂಗಿಯಾಗಿ ಬೆಳೆದವರ ಪ್ರೀತಿ, ಕೊನೆಗೆ ರಕ್ತದ ಕ್ಯಾನ್ಸರ್ ಇದ್ದವು. 2003ರ ಕೊನೆಗೆ ಚೊಯ್ ಜಿವೂ ಇನ್ನೊಂದು ವಾಹಿನಿಯ ಧಾರಾವಾಹಿಯಲ್ಲಿ ಬಂದಾಗ ಮತ್ತೆ ಕಾರು, ಮತ್ತೆ ಮರೆವು, ಮತ್ತೆ ಕಣ್ಣು. ಒಂದು ಗೆದ್ದರೆ ಅದೇ ಅಚ್ಚಿನಲ್ಲಿ ಹತ್ತು ಎರಕ ಹೊಯ್ಯುವ ವ್ಯಾಪಾರ ಅದು. ಮುಂದೆ ಕೊರಿಯನ್ನರೇ ತಮ್ಮ ಧಾರಾವಾಹಿಗಳಲ್ಲಿ ಈ ಅಪಘಾತ-ಮರೆವು-ಕಾಯಿಲೆಗಳನ್ನು ಗೇಲಿ ಮಾಡತೊಡಗಿದರು. ಇವತ್ತು ಹೊಸಬರು ‘ವಿಂಟರ್ ಸೊನಾಟಾ’ ನೋಡಿದರೆ ಗೇಲಿಯನ್ನು ಮೊದಲು ನೋಡಿ, ಮೂಲವನ್ನು ಆಮೇಲೆ ನೋಡಿದ ಹಾಗಾಗುತ್ತದೆ. ನಗು ತಡೆಯುವುದು ಕಷ್ಟ.

ಜಪಾನಿನ ಮಾತಿಗೂ ಇನ್ನೊಂದು ಮುಖ ಇದೆ. ಅಲ್ಲಿನ ಹೆಂಗಸರ ಪ್ರೀತಿ ನಿಜ. ಅವರನ್ನು ನಕ್ಕವರು ಸಣ್ಣವರು ಅನ್ನುವುದರಲ್ಲಿ ತಕರಾರಿಲ್ಲ. ಆದರೆ ಅದರಿಂದ ಎರಡು ದೇಶದ ಹಳೆಯ ಗಾಯ ಮಾಯಿತು ಅನ್ನುವುದು ಜಾಸ್ತಿಯಾಯಿತು. 2005ರಲ್ಲಿ ಜಪಾನಿನ ಶಿಮಾನೆ ಪ್ರಾಂತ್ಯ ಎರಡೂ ದೇಶ ತನ್ನದೆನ್ನುವ ವಿವಾದದ ದ್ವೀಪಗಳ ಹೆಸರಲ್ಲಿ ಒಂದು ದಿನವನ್ನೇ ಗೊತ್ತುಮಾಡಿತು, ಕೊರಿಯಾ ಕೆರಳಿತು. ಅದೇ ವರ್ಷ ಕೊರಿಯಾವನ್ನು ಬೈಯುವ ಮಾಂಗಾ (ಜಪಾನಿ ಕಾಮಿಕ್ಸ್) ಪುಸ್ತಕ ಅಲ್ಲಿ ಭರ್ಜರಿಯಾಗಿ ಮಾರಾಟವಾಯಿತು. ನಾಮಿ ದ್ವೀಪಕ್ಕೆ ಪ್ರವಾಸಿಗರು ತುಂಬಿದರು. ಈಗಲೂ ಅಲ್ಲಿ ಆ ಜೋಡಿಯ ಕಂಚಿನ ಪ್ರತಿಮೆ ಮುಂದೆ ಜನ ಫೋಟೊ ತೆಗೆಸಿಕೊಳ್ಳುತ್ತಾರೆ. ಇದು ಪ್ರವಾಸೋದ್ಯಮದ ಗೆಲುವು. ಒಂದು ಧಾರಾವಾಹಿ ಎಷ್ಟು ಮಫ್ಲರ್ ಮಾರಿತು ಅನ್ನೋದು ಅದು ಎಷ್ಟು ಚೆನ್ನಾಗಿದೆ ಅನ್ನೋದಕ್ಕೆ ಸಾಕ್ಷಿ ಅಲ್ಲ.

ಹಾಗಾದರೆ ಏನು ಮಾಡೋದು? ಮೊದಲ ಎರಡು ಕಂತು ನೋಡಿ, ಚುಂಚನ್‌ನ ಆ ಹೈಸ್ಕೂಲು ದಿನಗಳಿಗಾಗಿ. ಸ್ಕೀ ಬೆಟ್ಟದ ಕಂತುಗಳನ್ನೂ ನೋಡಿ. ಮಿನ್‌ಹ್ಯಂಗ್‌ಗೆ ತಾನು ಯಾರು ಅನ್ನುವ ಅನುಮಾನ ಶುರುವಾದ ಕಡೆ ನಿಲ್ಲಿಸಿಬಿಡಿ. ಉಳಿದದ್ದನ್ನು ಯಾರಾದರೂ ಐದು ನಿಮಿಷದಲ್ಲಿ ಹೇಳಿಯಾರು.

ಕೊನೆಯ ಕಂತಿಗಾದರೂ ಹೋಗಲೇಬೇಕು ಅನ್ನುವವರಿಗೆ ಒಂದು ಮಾತು. ದಕ್ಷಿಣದ ಸಮುದ್ರದಲ್ಲಿ ವೇಡೊ ಎಂಬ ದ್ವೀಪ, ಅದರ ಮೇಲೆ ಒಂದು ಮನೆ. ಯುಜಿನ್ ಹಿಂದೆ ನಕ್ಷೆ ಬರೆದು, ಕಟ್ಟಲಾಗದ ಮನೆ ಅಂತ ಬಿಟ್ಟಿದ್ದು. ದೃಷ್ಟಿ ಕಳೆದುಕೊಂಡ ಜುನ್‌ಸಾಂಗ್ ಅದನ್ನು ಕಟ್ಟಿಸಿ ಅಲ್ಲಿ ಇದ್ದಾನೆ. ಮೂರು ವರ್ಷ ಫ್ರಾನ್ಸ್‌ನಲ್ಲಿದ್ದು ಬಂದ ಅವಳು ಅಲ್ಲಿ ಅವನನ್ನು ನೋಡುತ್ತಾಳೆ. ಎಲ್ಲರ ಕಣ್ಣೂ ಒದ್ದೆಯಾಗುವ ಜಾಗ ಇದು. ಆದರೆ ನಕ್ಷೆ ಅವಳದ್ದು. ಅವಳು ಕಲಿತ ವಿದ್ಯೆ, ಅವಳು ಮಾಡುವ ಕೆಲಸ. ಮನೆ ಏಳುವಾಗ ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕಟ್ಟಿದ ಸುದ್ದಿಯೂ ಅವಳಿಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.